ಕೌಂಟರ್ ಆಫರ್ (ಉದ್ಯೋಗ)

ಕೌಂಟರ್ ಆಫರ್ ಅಥವಾ ಪ್ರತಿಪ್ರಸ್ತಾವ ಎಂದರೆ, ಬೇರೊಂದು ಸಂಸ್ಥೆಯಲ್ಲಿ ಕೆಲಸ ದೊರೆತು ರಾಜೀನಾಮೆ ಸಲ್ಲಿಸಿದ ಅಥವಾ ಸಲ್ಲಿಸಲು ಮುಂದಾದ ಉದ್ಯೋಗಿಯನ್ನು ಉಳಿಸಿಕೊಳ್ಳುವ ಸಲುವಾಗಿ ಹಾಲಿ ಸಂಸ್ಥೆಯು ಮುಂದಿಡುವ ಹೊಸ ಸೇವಾ ಷರತ್ತುಗಳು. ವೇತನ ಹೆಚ್ಚಳವು ಇದರ ಸಾಮಾನ್ಯ ರೂಪ. ಬಡ್ತಿ, ಒಮ್ಮೆ ಮಾತ್ರ ಕೊಡುವ ಬೋನಸ್, ಕಂಪನಿಯ ಷೇರು, ವಿಭಾಗದ ಬದಲಾವಣೆ, ಬೇರೆ ಊರಿಗೆ ವರ್ಗಾವಣೆ, ಮನೆಯಿಂದ ಕೆಲಸ ಮಾಡುವ ಅನುಮತಿ ಮೊದಲಾದವೂ ಇದರಲ್ಲಿ ಸೇರಬಹುದು.

ಇದನ್ನು ಒಪ್ಪಬೇಕೇ ಬಿಡಬೇಕೇ ಎಂಬ ತೀರ್ಮಾನವನ್ನು ಉದ್ಯೋಗಿಯು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕೈಗೊಳ್ಳಬೇಕಾಗುತ್ತದೆ. ವೇತನದ ಲೆಕ್ಕಾಚಾರದ ಜೊತೆಗೆ, ಕೆಲಸ ಬಿಡಲು ಇದ್ದ ಮೂಲ ಕಾರಣ, ಹೊಸ ಸಂಸ್ಥೆಗೆ ಕೊಟ್ಟ ಮಾತು, ರಾಜೀನಾಮೆಯ ಕಾನೂನಾತ್ಮಕ ಸ್ಥಿತಿ ಮತ್ತು ಮುಂದಿನ ವರ್ಷಗಳ ವೃತ್ತಿಜೀವನ ಇವೆಲ್ಲವೂ ಅದರಲ್ಲಿ ಅಡಗಿರುತ್ತವೆ. ಭಾರತದಲ್ಲಿ ದೀರ್ಘ ನೋಟಿಸ್ ಅವಧಿ, ಸೇವಾ ಬಾಂಡ್ ಮತ್ತು ಗ್ರಾಚ್ಯುಟಿಯ (ಉಪಧನ) ನಿಯಮಗಳು ಈ ತೀರ್ಮಾನವನ್ನು ಇನ್ನಷ್ಟು ಸಂಕೀರ್ಣಗೊಳಿಸುತ್ತವೆ.

## ಪದದ ಹಿನ್ನೆಲೆ

ಈ ಪದವು ಮೂಲತಃ ಒಪ್ಪಂದ ಕಾನೂನಿಗೆ ಸೇರಿದ್ದು. ಒಬ್ಬರು ಮುಂದಿಟ್ಟ ಪ್ರಸ್ತಾವವನ್ನು ಹಾಗೆಯೇ ಒಪ್ಪದೆ, ಷರತ್ತುಗಳನ್ನು ಬದಲಿಸಿ ಮತ್ತೊಬ್ಬರು ಮರಳಿ ಮುಂದಿಡುವ ಪ್ರಸ್ತಾವಕ್ಕೆ ಅಲ್ಲಿ ಪ್ರತಿಪ್ರಸ್ತಾವ ಎನ್ನುತ್ತಾರೆ. 1840ರ ಹೈಡ್ ವಿರುದ್ಧ ವ್ರೆಂಚ್ ಎಂಬ ಇಂಗ್ಲೆಂಡಿನ ಪ್ರಕರಣ ಇದಕ್ಕೆ ಆಧಾರವಾದ ತೀರ್ಪು. ವ್ರೆಂಚ್ ತನ್ನ ಜಮೀನನ್ನು 1,000 ಪೌಂಡುಗಳಿಗೆ ಮಾರಲು ಮುಂದಾದಾಗ ಹೈಡ್ 950 ಪೌಂಡು ಕೊಡುವುದಾಗಿ ಹೇಳಿದ. ವ್ರೆಂಚ್ ಅದನ್ನು ತಿರಸ್ಕರಿಸಿದ ಮೇಲೆ ಹೈಡ್ ಮೊದಲಿನ 1,000 ಪೌಂಡಿಗೇ ಒಪ್ಪಿಗೆ ಸೂಚಿಸಿದ. 950 ಪೌಂಡಿನ ಪ್ರತಿಪ್ರಸ್ತಾವದಿಂದ ಮೊದಲಿನ ಪ್ರಸ್ತಾವವು ರದ್ದಾಯಿತು, ಆದ್ದರಿಂದ ಒಪ್ಪಂದವೇ ಏರ್ಪಟ್ಟಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಸ್ವೀಕೃತಿಯು ಸಂಪೂರ್ಣವೂ ಷರತ್ತಿಲ್ಲದ್ದೂ ಆಗಿರಬೇಕೆಂದು ಭಾರತೀಯ ಒಪ್ಪಂದ ಕಾಯ್ದೆ, 1872ರ 7ನೇ ಕಲಮು ಹೇಳುತ್ತದೆ.

ಉದ್ಯೋಗ ಕ್ಷೇತ್ರದಲ್ಲಿ ಈ ಪದದ ಬಳಕೆ ಸ್ವಲ್ಪ ಬೇರೆ. ಇಲ್ಲಿ ಮೂವರು ಪಾತ್ರಧಾರಿಗಳಿರುತ್ತಾರೆ: ಉದ್ಯೋಗಿ, ಹಾಲಿ ಸಂಸ್ಥೆ ಮತ್ತು ಹೊಸ ಸಂಸ್ಥೆ. ಹಾಲಿ ಸಂಸ್ಥೆಯು ಹೊಸ ಸಂಸ್ಥೆಯ ಪ್ರಸ್ತಾವಕ್ಕೆ ಎದುರಾಗಿ, ಉದ್ಯೋಗಿಯೊಡನೆ ತನಗಿರುವ ಒಪ್ಪಂದವನ್ನು ತಿದ್ದಲು ಮುಂದಾಗುತ್ತದೆ. ಹೈಡ್ ಪ್ರಕರಣದ ನಿಯಮ ಇಲ್ಲಿಯೂ ಒಂದು ಸಂದರ್ಭದಲ್ಲಿ ಅನ್ವಯವಾಗುತ್ತದೆ. ಹೊಸ ಸಂಸ್ಥೆಯ ಆಫರ್ ಲೆಟರ್‌ಗೆ ಇನ್ನೂ ಒಪ್ಪಿಗೆ ಕೊಡದ ಅಭ್ಯರ್ಥಿಯು, ಹಾಲಿ ಸಂಸ್ಥೆ ಹೇಳಿದ ಮೊತ್ತವನ್ನು ತೋರಿಸಿ ಅದಕ್ಕಿಂತ ಹೆಚ್ಚು ಕೊಟ್ಟರೆ ಮಾತ್ರ ಬರುವೆನೆಂದರೆ, ಮೊದಲಿನ ಆಫರ್ ಹಾಗೆಯೇ ಉಳಿದಿರುತ್ತದೆ ಎನ್ನಲಾಗದು.

## ಇತಿಹಾಸ

ನುರಿತ ಕೆಲಸಗಾರರನ್ನು ಹೆಚ್ಚಿನ ಕೂಲಿ ಕೊಟ್ಟು ಉಳಿಸಿಕೊಳ್ಳುವುದು ಹಳೆಯ ರೂಢಿ. ಅಮೆರಿಕದ ಫೋರ್ಡ್ ಮೋಟಾರ್ ಕಂಪನಿಯಲ್ಲಿ 1913ರಲ್ಲಿ ವಾರ್ಷಿಕ ಕಾರ್ಮಿಕ ಬದಲಾವಣೆಯ ಪ್ರಮಾಣ ಶೇ. 370ರಷ್ಟಿತ್ತು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಸಂಬಳವನ್ನು ಘೋಷಿಸಿದ ಮೇಲೆ ಅದು ತೀವ್ರವಾಗಿ ಇಳಿಯಿತು. ಇದು ಎಲ್ಲ ಅರ್ಹ ಕಾರ್ಮಿಕರಿಗೂ ಸಮಾನವಾಗಿ ಕೊಟ್ಟ ಹೆಚ್ಚಳ. ಕೌಂಟರ್ ಆಫರ್ ಇದಕ್ಕಿಂತ ಭಿನ್ನವಾಗಿದ್ದು, ಹೊರಡಲು ನಿಂತ ಒಬ್ಬ ವ್ಯಕ್ತಿಗೆ ಮಾತ್ರ, ಬಹುಮಟ್ಟಿಗೆ ಗೋಪ್ಯವಾಗಿ ಕೊಡುವಂಥದ್ದು.

ಎರಡೂ ವಿಧಾನಗಳು ಸಿಲಿಕಾನ್ ಕಣಿವೆಯಲ್ಲಿ ಬಳಕೆಗೆ ಬಂದವು. ಫೇಸ್‌ಬುಕ್ ಮೊದಲಾದ ಕಂಪನಿಗಳತ್ತ ಎಂಜಿನಿಯರುಗಳು ಹೋಗುತ್ತಿದ್ದಾಗ, 2010ರ ನವೆಂಬರಿನಲ್ಲಿ ಗೂಗಲ್ ತನ್ನ ಎಲ್ಲ ಉದ್ಯೋಗಿಗಳಿಗೆ ಶೇ. 10ರಷ್ಟು ವೇತನ ಹೆಚ್ಚಳವನ್ನು ಪ್ರಕಟಿಸಿತು. ಅದೇ ಕಾಲದಲ್ಲಿ, ಪರಸ್ಪರರ ಉದ್ಯೋಗಿಗಳನ್ನು ಸೆಳೆಯಬಾರದೆಂದು ಕೆಲವು ಕಂಪನಿಗಳು ಒಳಗೊಳಗೇ ಮಾಡಿಕೊಂಡಿದ್ದ ಒಪ್ಪಂದಗಳು ಬೆಳಕಿಗೆ ಬಂದವು. ಲ್ಯೂಕಾಸ್‌ಫಿಲ್ಮ್ ಮತ್ತು ಪಿಕ್ಸಾರ್ ಸಂಸ್ಥೆಗಳು, ಇನ್ನೊಂದರ ಉದ್ಯೋಗಿಗೆ ಒಮ್ಮೆ ವೇತನ ಹೇಳಿದ ಮೇಲೆ ಅದನ್ನು ಮೀರಿ ಪೈಪೋಟಿಗೆ ಇಳಿಯಬಾರದೆಂದೂ ಒಪ್ಪಿಕೊಂಡಿದ್ದವು ಎಂದು ಅಮೆರಿಕದ ನ್ಯಾಯ ಇಲಾಖೆಯು 2010ರಲ್ಲಿ ಆರೋಪಿಸಿತು. ಇಂಥ ಒಪ್ಪಂದಗಳ ವಿರುದ್ಧ ಉದ್ಯೋಗಿಗಳು ಹೂಡಿದ ಮೊಕದ್ದಮೆಯಲ್ಲಿ ಆಪಲ್, ಗೂಗಲ್, ಇಂಟೆಲ್ ಮತ್ತು ಅಡೋಬಿ ಕಂಪನಿಗಳು 41.5 ಕೋಟಿ ಡಾಲರ್ ಕೊಡುವ ಇತ್ಯರ್ಥಕ್ಕೆ 2015ರಲ್ಲಿ ನ್ಯಾಯಾಲಯದ ಅನುಮೋದನೆ ದೊರೆಯಿತು.

ಭಾರತದಲ್ಲಿ ಕೌಂಟರ್ ಆಫರ್ ಎಂಬ ಮಾತು ವ್ಯಾಪಕವಾಗಿ ಬಳಕೆಗೆ ಬಂದದ್ದು ಮಾಹಿತಿ ತಂತ್ರಜ್ಞಾನ ಉದ್ಯಮದ ಬೆಳವಣಿಗೆಯೊಡನೆ. ಕೋವಿಡ್ ಬಳಿಕದ ನೇಮಕಾತಿಯ ಭರಾಟೆಯಲ್ಲಿ ಇದು ಉತ್ತುಂಗಕ್ಕೇರಿತು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಇನ್ಫೋಸಿಸ್‌ನಲ್ಲಿ ಸ್ವಇಚ್ಛೆಯಿಂದ ಕೆಲಸ ಬಿಡುವವರ ಪ್ರಮಾಣವು 2022ರ ಜೂನ್ ತ್ರೈಮಾಸಿಕದಲ್ಲಿ ಶೇ. 28.4ಕ್ಕೆ ಮುಟ್ಟಿತ್ತು. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್‌ನಲ್ಲಿ ಅದೇ ವರ್ಷದ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಅದು ಶೇ. 21.5 ಆಗಿತ್ತು. ನೇಮಕಾತಿ ತಗ್ಗಿದಂತೆ ಈ ಪ್ರಮಾಣವೂ ಇಳಿಯಿತು. 2024ರ ಜೂನ್ ತ್ರೈಮಾಸಿಕಕ್ಕೆ ಇನ್ಫೋಸಿಸ್‌ನ ಅಂಕಿ ಶೇ. 12.7 ಆಗಿತ್ತು. ಉದ್ಯೋಗಿಯ ಚೌಕಾಸಿಯ ಬಲವು ಮಾರುಕಟ್ಟೆಯ ಏರಿಳಿತವನ್ನು ಅವಲಂಬಿಸಿದೆ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

## ಸ್ವರೂಪ

ಕೌಂಟರ್ ಆಫರ್‌ಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

* ಶಾಶ್ವತ ವೇತನ ಹೆಚ್ಚಳ: ಮೂಲವೇತನ ಹಾಗೂ ಭತ್ಯೆಗಳು ಏರುತ್ತವೆ. ಮುಂದಿನ ವಾರ್ಷಿಕ ಹೆಚ್ಚಳ, ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಗಳ ಮೇಲೂ ಇದರ ಪರಿಣಾಮವಿರುತ್ತದೆ.
* ರಿಟೆನ್ಷನ್ ಬೋನಸ್: ನಿಗದಿತ ಅವಧಿಯವರೆಗೆ ಉಳಿಯುವ ಷರತ್ತಿನ ಮೇಲೆ ಒಮ್ಮೆ ಕೊಡುವ ಮೊತ್ತ. ಅವಧಿಗೆ ಮೊದಲೇ ಹೊರಟರೆ ಹಣವನ್ನು ಮರಳಿಸಬೇಕಾಗುತ್ತದೆ.
* ಹುದ್ದೆ ಅಥವಾ ಕೆಲಸದ ಬದಲಾವಣೆ: ಬಡ್ತಿ, ಬೇರೆ ಪ್ರಾಜೆಕ್ಟ್, ಬೇರೆ ಮೇಲಧಿಕಾರಿ, ವಿದೇಶದ ನಿಯೋಜನೆ ಇತ್ಯಾದಿ.
* ಷೇರು ಆಧಾರಿತ ಸಂಭಾವನೆ: ಹಲವು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುವ ಷೇರುಗಳು.
* ಭರವಸೆ: ಮುಂದಿನ ಮೌಲ್ಯಮಾಪನದಲ್ಲಿ ನೋಡೋಣ ಎಂಬಂತಹ ಬಾಯಿಮಾತು. ಲಿಖಿತ ರೂಪಕ್ಕೆ ಬರುವವರೆಗೆ ಇದನ್ನು ಪ್ರಸ್ತಾವವೆಂದು ಎಣಿಸುವುದು ಕಷ್ಟ.

## ಸಂಸ್ಥೆಗಳು ಕೌಂಟರ್ ಆಫರ್ ನೀಡುವ ಕಾರಣಗಳು

ಅನುಭವಿ ಉದ್ಯೋಗಿಯೊಬ್ಬರು ಹೋದರೆ ಸಂಸ್ಥೆಗೆ ಆಗುವ ವೆಚ್ಚ ಅವರ ವೇತನಕ್ಕಷ್ಟೇ ಸೀಮಿತವಲ್ಲ. ಬದಲಿ ವ್ಯಕ್ತಿಯ ಹುಡುಕಾಟ, ನೇಮಕಾತಿ ಏಜೆನ್ಸಿಯ ಶುಲ್ಕ, ಹೊಸಬರ ತರಬೇತಿ, ಅಲ್ಲಿಯವರೆಗೆ ಕುಂಠಿತವಾಗುವ ಕೆಲಸ ಇವೆಲ್ಲ ಸೇರುತ್ತವೆ. ಭಾರತದಲ್ಲಿ ಏಜೆನ್ಸಿಯ ಶುಲ್ಕವನ್ನು ಅನೇಕ ವೇಳೆ ವಾರ್ಷಿಕ ಸಂಬಳದ ಶೇ. 8.33 ಎಂದು, ಅಂದರೆ ಒಂದು ತಿಂಗಳ ಸಂಬಳಕ್ಕೆ ಸಮನಾಗಿ, ನಿಗದಿಪಡಿಸುವ ರೂಢಿಯಿದೆ. ಗ್ರಾಹಕರಿಗೆ ಒಪ್ಪಿಸಬೇಕಾದ ಕೆಲಸದ ಗಡುವು ಹತ್ತಿರವಿದ್ದರೆ ಉದ್ಯೋಗಿಯನ್ನು ಕೆಲವು ತಿಂಗಳ ಮಟ್ಟಿಗಾದರೂ ಉಳಿಸಿಕೊಳ್ಳುವುದು ಲಾಭಕರವಾಗುತ್ತದೆ. ಉದ್ಯೋಗಿಯ ನಿಜವಾದ ಮಾರುಕಟ್ಟೆ ಬೆಲೆ ಆಗಷ್ಟೇ ಗೊತ್ತಾಗಿ, ಹಿಂದಿನ ಕೊರತೆಯನ್ನು ಸರಿಪಡಿಸಲು ಪ್ರಾಮಾಣಿಕವಾಗಿ ಮುಂದಾಗುವ ಸಂಸ್ಥೆಗಳೂ ಇವೆ.

ಅರ್ಥಶಾಸ್ತ್ರಜ್ಞರು ಇದನ್ನು ಮಾದರಿಗಳ ಮೂಲಕ ಅಧ್ಯಯನ ಮಾಡಿದ್ದಾರೆ. 1986ರಲ್ಲಿ ಎಡ್ವರ್ಡ್ ಲೇಜಿಯರ್, ಉದ್ಯೋಗಿಯ ಸಾಮರ್ಥ್ಯದ ಬಗ್ಗೆ ಹಾಲಿ ಸಂಸ್ಥೆಗೂ ಹೊರಗಿನ ಸಂಸ್ಥೆಗೂ ಇರುವ ಮಾಹಿತಿಯ ವ್ಯತ್ಯಾಸವು ಇಂಥ ಪೈಪೋಟಿಯನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ವಿಶ್ಲೇಷಿಸಿದರು. ಫ್ಯಾಬಿಯನ್ ಪೋಸ್ಟೆಲ್-ವಿನೇ ಮತ್ತು ಜ್ಯಾಂ-ಮಾರ್ಕ್ ರೋಬಾಂ 2002ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ, ಎರಡು ಸಂಸ್ಥೆಗಳು ಒಬ್ಬ ಉದ್ಯೋಗಿಗಾಗಿ ಹರಾಜಿನಲ್ಲಿ ಕೂಗಿದಂತೆ ಬೆಲೆ ಏರಿಸುತ್ತಾ ಹೋಗುತ್ತವೆ. ಈ ಮಾದರಿಯ ಪ್ರಕಾರ, ಹೊರಗಿನಿಂದ ಕರೆ ಬಂದವರ ಸಂಬಳ ಏರುತ್ತದೆ. ಅಷ್ಟೇ ಸಮರ್ಥರಾಗಿದ್ದೂ ಕರೆ ಬಾರದವರ ಸಂಬಳ ಇದ್ದಲ್ಲಿಯೇ ಉಳಿಯುತ್ತದೆ. ಒಂದೇ ಕೆಲಸ ಮಾಡುವ ಇಬ್ಬರ ನಡುವಿನ ವೇತನ ವ್ಯತ್ಯಾಸಕ್ಕೆ ಇದೂ ಒಂದು ವಿವರಣೆ.

## ನಿರ್ಧಾರದಲ್ಲಿ ಪರಿಗಣಿಸುವ ಅಂಶಗಳು

### ಕೆಲಸ ಬಿಡಲು ಹೊರಟ ಕಾರಣ

ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಇದು. ಕಡಿಮೆ ವೇತನವೊಂದೇ ಕಾರಣವಾಗಿದ್ದರೆ ಕೌಂಟರ್ ಆಫರ್ ಅದನ್ನು ನೇರವಾಗಿ ನಿವಾರಿಸಬಲ್ಲದು. ಮೇಲಧಿಕಾರಿಯ ವರ್ತನೆ, ಕಲಿಕೆಗೆ ಅವಕಾಶವಿಲ್ಲದಿರುವುದು, ಅತಿಯಾದ ಕೆಲಸದ ಹೊರೆ, ನಿತ್ಯದ ದೀರ್ಘ ಪ್ರಯಾಣ ಅಥವಾ ಸಂಸ್ಥೆಯ ಆರ್ಥಿಕ ಅಸ್ಥಿರತೆ ಕಾರಣವಾಗಿದ್ದರೆ ಸಂಬಳ ಏರಿದರೂ ಅವು ಹಾಗೆಯೇ ಉಳಿಯುತ್ತವೆ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ದ್ವಿಅಂಶ ಸಿದ್ಧಾಂತವು ಇಲ್ಲಿ ಪ್ರಸ್ತುತ. ಸಂಬಳದಂತಹ ಅಂಶಗಳ ಕೊರತೆ ಅತೃಪ್ತಿಯನ್ನು ಹುಟ್ಟಿಸುತ್ತದೆ, ಆದರೆ ಅವುಗಳನ್ನು ಒದಗಿಸಿದ ಮಾತ್ರಕ್ಕೆ ಕೆಲಸದಲ್ಲಿ ತೃಪ್ತಿ ಮೂಡುವುದಿಲ್ಲ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಜವಾಬ್ದಾರಿ ಮತ್ತು ಬೆಳವಣಿಗೆಗಳಿಂದ ಎಂಬುದು ಅವರ ವಾದ.

ರಾಜೀನಾಮೆಗೆ ಮೊದಲು ಇದೇ ಬೇಡಿಕೆಯನ್ನು ಸಂಸ್ಥೆಯ ಮುಂದೆ ಇಡಲಾಗಿತ್ತೇ ಎಂಬುದೂ ಮುಖ್ಯ. ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಕೃತಿಯಲ್ಲಿ ಅತೃಪ್ತ ಸದಸ್ಯನ ಮುಂದೆ ಎರಡು ದಾರಿಗಳಿವೆ ಎನ್ನುತ್ತಾರೆ: ಹೊರಟುಹೋಗುವುದು ಇಲ್ಲವೇ ದನಿಯೆತ್ತುವುದು. ಕೇಳಿದಾಗ ನಿರಾಕರಿಸಿ, ಹೊರಟಾಗ ಮಾತ್ರ ಕೊಡುವ ಸಂಸ್ಥೆಯಲ್ಲಿ ಮುಂದಿನ ಹೆಚ್ಚಳಕ್ಕೂ ಮತ್ತೆ ಹೊರಡುವ ಬೆದರಿಕೆಯೇ ಬೇಕಾಗಬಹುದು. ಎಂದೂ ಕೇಳಿರದಿದ್ದರೆ, ಸಂಸ್ಥೆಗೆ ಅತೃಪ್ತಿಯ ಅರಿವೇ ಇರಲಿಲ್ಲ ಎಂಬ ಸಾಧ್ಯತೆಯೂ ಇರುತ್ತದೆ.

### ಹಣಕಾಸಿನ ಹೋಲಿಕೆ

ಎರಡು ಪ್ರಸ್ತಾವಗಳನ್ನು ಸಿಟಿಸಿ ಎಂಬ ಒಂದೇ ಅಂಕಿಯಿಂದ ಹೋಲಿಸುವುದು ದಾರಿ ತಪ್ಪಿಸಬಹುದು. ಸಿಟಿಸಿಯಲ್ಲಿ ಸಂಸ್ಥೆಯ ಪಾಲಿನ ಭವಿಷ್ಯ ನಿಧಿ, ಗ್ರಾಚ್ಯುಟಿಗೆ ಎತ್ತಿಡುವ ಮೊತ್ತ, ವಿಮೆಯ ಕಂತು ಮತ್ತು ಸಾಧನೆಯನ್ನು ಅವಲಂಬಿಸಿದ ಬದಲಾಗುವ ವೇತನ ಇವೆಲ್ಲ ಸೇರಿರುತ್ತವೆ. ತಿಂಗಳಿಗೆ ಕೈಗೆ ಬರುವ ಹಣ, ಖಚಿತವಲ್ಲದ ಹಣ ಹಾಗೂ ಒಮ್ಮೆ ಮಾತ್ರ ಬರುವ ಹಣ ಎಂದು ಮೂರಾಗಿ ಬೇರ್ಪಡಿಸಿದಾಗ ಹೋಲಿಕೆ ಸ್ಪಷ್ಟವಾಗುತ್ತದೆ.

ಕೌಂಟರ್ ಆಫರ್‌ನಲ್ಲಿ ಹೇಗಿದ್ದರೂ ಬರಬೇಕಿದ್ದ ಹೆಚ್ಚಳವೂ ಅಡಗಿರಬಹುದು. ಉದಾಹರಣೆಗೆ, ತಿಂಗಳಿಗೆ 80,000 ರೂಪಾಯಿ ಪಡೆಯುವ ಉದ್ಯೋಗಿಗೆ ಹೊಸ ಸಂಸ್ಥೆ 1,10,000 ರೂಪಾಯಿ ಹೇಳಿದೆ, ಹಾಲಿ ಸಂಸ್ಥೆ 1,04,000 ರೂಪಾಯಿಗೆ ಏರಿಸಲು ಒಪ್ಪಿದೆ ಎಂದಿಟ್ಟುಕೊಳ್ಳೋಣ. ಹೆಚ್ಚಳ 24,000 ರೂಪಾಯಿಯಂತೆ ಕಾಣುತ್ತದೆ. ಎರಡು ತಿಂಗಳ ಬಳಿಕ ಏಪ್ರಿಲ್‌ನಲ್ಲಿ ಶೇ. 8ರ ವಾರ್ಷಿಕ ಹೆಚ್ಚಳ ಹೇಗೂ ಬರಲಿದ್ದು, ಕೌಂಟರ್ ಆಫರ್ ಒಪ್ಪಿದವರಿಗೆ ಆ ವರ್ಷ ಅದು ಸಿಗುವುದಿಲ್ಲವೆಂದಾದರೆ, ಅದರ 6,400 ರೂಪಾಯಿಯನ್ನು ಕಳೆಯಬೇಕು. ಆಗ ನಿಜವಾದ ಹೆಚ್ಚಳ 17,600 ರೂಪಾಯಿ ಮಾತ್ರ.

ಗ್ರಾಚ್ಯುಟಿಯ ಲೆಕ್ಕ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಅಂದರೆ ಉಳಿಯುವುದರ ಪರವಾಗಿ, ಕೆಲಸ ಮಾಡಬಹುದು. ಕಾಯಂ ಉದ್ಯೋಗಿಗೆ ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆಯ ನಂತರ ಗ್ರಾಚ್ಯುಟಿಯ ಹಕ್ಕು ಬರುತ್ತದೆ. ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವಾ ವರ್ಷಗಳಿಂದಲೂ ಗುಣಿಸಿ ಮೊತ್ತವನ್ನು ನಿರ್ಧರಿಸುತ್ತಾರೆ. ಗ್ರಾಚ್ಯುಟಿಗೆ ಎಣಿಕೆಯಾಗುವ ವೇತನ 50,000 ರೂಪಾಯಿ ಇದ್ದವರಿಗೆ 5 ವರ್ಷಕ್ಕೆ ಸುಮಾರು 1,44,230 ರೂಪಾಯಿ ದೊರೆಯುತ್ತದೆ. ನಾಲ್ಕು ವರ್ಷ ಮುಗಿಸಿ ಕೆಲವೇ ತಿಂಗಳಿಗೆ ಹೊರಡುವವರು ಈ ಮೊತ್ತವನ್ನು ಕಳೆದುಕೊಳ್ಳುತ್ತಾರೆ. ಭವಿಷ್ಯ ನಿಧಿಯ ವಿಷಯ ಹೀಗಲ್ಲ. ಯುಎಎನ್ ಸಂಖ್ಯೆಯ ಮೂಲಕ ಖಾತೆಯನ್ನು ಹೊಸ ಸಂಸ್ಥೆಗೆ ವರ್ಗಾಯಿಸಿಕೊಂಡರೆ ಹಳೆಯ ಸೇವಾವಧಿಯೂ ಎಣಿಕೆಗೆ ಸೇರುವುದರಿಂದ ಕೆಲಸ ಬದಲಿಸಿದರೂ ನಷ್ಟವಿಲ್ಲ.

### ವಿಶ್ವಾಸ ಮತ್ತು ಸಂಬಂಧ

ಉದ್ಯೋಗಿ ಮತ್ತು ಸಂಸ್ಥೆಯ ನಡುವೆ ಬರೆದಿಡದ ನಿರೀಕ್ಷೆಗಳ ಒಂದು ಒಡಂಬಡಿಕೆಯೂ ಇರುತ್ತದೆ. ಡೆನಿಸ್ ರೂಸೋ 1989ರ ತಮ್ಮ ಲೇಖನದಲ್ಲಿ ಈ ಮಾನಸಿಕ ಒಪ್ಪಂದದ ಪರಿಕಲ್ಪನೆಯನ್ನು ವಿಸ್ತರಿಸಿದರು. ರಾಜೀನಾಮೆಯಿಂದ ಈ ಒಡಂಬಡಿಕೆಗೆ ಪೆಟ್ಟು ಬೀಳುತ್ತದೆ. ಉಳಿದ ಮೇಲೂ ಬಡ್ತಿ, ಮುಖ್ಯ ಹೊಣೆಗಾರಿಕೆ ಅಥವಾ ಸಿಬ್ಬಂದಿ ಕಡಿತದ ಸಂದರ್ಭದಲ್ಲಿ ಅದು ನೆನಪಿಗೆ ಬರಬಹುದು ಎಂಬುದು ಒಪ್ಪದಿರಲು ಹೇಳುವ ಸಾಮಾನ್ಯ ಕಾರಣ. ಇದು ಎಲ್ಲ ಕಡೆಯೂ ಒಂದೇ ತೆರನಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೇರೆಡೆಯಿಂದ ಬಂದ ಕರೆಯನ್ನು ತೋರಿಸಿ ಸಂಬಳ ಏರಿಸಿಕೊಳ್ಳುವುದು ರೂಢಿಯಲ್ಲಿದ್ದು, ಅದನ್ನು ನಿಷ್ಠೆಯ ಕೊರತೆಯೆಂದು ಎಣಿಸುವುದಿಲ್ಲ. ಸಣ್ಣ ಸಂಸ್ಥೆಯಲ್ಲಿ ಮಾಲೀಕರೊಡನೆ ನೇರವಾಗಿ ದುಡಿಯುವವರ ಪರಿಸ್ಥಿತಿ ಬೇರೆ.

ಹೊಸ ಸಂಸ್ಥೆಯೊಡನೆ ಇರುವ ಸಂಬಂಧವೂ ತೂಕಕ್ಕೆ ಬರುತ್ತದೆ. ಒಪ್ಪಿದ ಮೇಲೆ ಹಿಂದೆ ಸರಿದರೆ ಆ ಸಂಸ್ಥೆಯ ಬಾಗಿಲು ಮತ್ತೆ ತೆರೆಯುವುದು ಕಷ್ಟ. ಶಿಫಾರಸು ಮಾಡಿದ ಪರಿಚಿತರಿಗೂ ಮುಜುಗರವಾಗುತ್ತದೆ. ಹೊಸ ಸಂಸ್ಥೆಯು ಬೇರೆ ಅಭ್ಯರ್ಥಿಗಳನ್ನು ಆಗಲೇ ಕೈಬಿಟ್ಟಿರುವುದರಿಂದ, ತೀರ್ಮಾನವನ್ನು ತಡಮಾಡದೆ ತಿಳಿಸುವುದು ವೃತ್ತಿಪರ ಸೌಜನ್ಯ ಎನಿಸುತ್ತದೆ.

### ಮನೋವೈಜ್ಞಾನಿಕ ಒಲವುಗಳು

ವಿಲಿಯಂ ಸ್ಯಾಮುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ 1988ರಲ್ಲಿ ಗುರುತಿಸಿದ ಯಥಾಸ್ಥಿತಿಯ ಒಲವು ಇಲ್ಲಿ ಉಳಿಯುವುದರ ಕಡೆಗೆ ಎಳೆಯುತ್ತದೆ. ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ವಿವರಿಸಿದಂತೆ, ಅಷ್ಟೇ ಪ್ರಮಾಣದ ಲಾಭಕ್ಕಿಂತ ನಷ್ಟವು ಮನಸ್ಸಿಗೆ ಹೆಚ್ಚು ತಾಗುತ್ತದೆ. ಪರಿಚಿತ ಸಹೋದ್ಯೋಗಿಗಳು, ಗೊತ್ತಿರುವ ಕೆಲಸ ಮತ್ತು ಗಳಿಸಿದ ಹೆಸರು ಕೈತಪ್ಪುವುದು ಕಣ್ಣಿಗೆ ಕಾಣುತ್ತದೆ, ಹೊಸ ಕೆಲಸದ ಲಾಭ ಮಾತ್ರ ಇನ್ನೂ ಊಹೆಯಲ್ಲಿರುತ್ತದೆ. ತನ್ನನ್ನು ಉಳಿಸಿಕೊಳ್ಳಲು ಹಿರಿಯ ಅಧಿಕಾರಿಗಳೇ ಕರೆದು ಮಾತಾಡಿದರು ಎಂಬ ಸಂತೋಷವೂ ತೀರ್ಮಾನವನ್ನು ಬಾಗಿಸಬಲ್ಲದು. ಎದುರು ದಿಕ್ಕಿನ ಒಲವೂ ಇದೆ. ಹಳೆಯ ಕೆಲಸದ ಕುಂದುಗಳೆಲ್ಲ ಅನುಭವದಿಂದ ಗೊತ್ತಿದ್ದು, ಹೊಸದರ ಕುಂದುಗಳು ಸಂದರ್ಶನದಲ್ಲಿ ಕಾಣದಿರುವುದರಿಂದ ಅದು ಇರುವುದಕ್ಕಿಂತ ಚೆನ್ನಾಗಿ ತೋರಬಹುದು.

### ಲಿಖಿತ ದೃಢೀಕರಣ

ಕೌಂಟರ್ ಆಫರ್ ಅನ್ನು ಒಪ್ಪುವವರು ಹೊಸ ವೇತನ, ಹುದ್ದೆ ಮತ್ತು ಜಾರಿಯ ದಿನಾಂಕವಿರುವ ಪತ್ರವನ್ನು ಪಡೆದ ಬಳಿಕವೇ ಹೊಸ ಸಂಸ್ಥೆಗೆ ನಿರಾಕರಣೆ ತಿಳಿಸುವುದು ಸುರಕ್ಷಿತ ಕ್ರಮ. ಭರವಸೆ ಕೊಟ್ಟ ಮೇಲಧಿಕಾರಿಯೇ ವರ್ಗವಾಗಿ ಹೋದರೆ ಬಾಯಿಮಾತನ್ನು ಸಾಧಿಸುವುದು ಕಷ್ಟ. ಬೋನಸ್ ಮರಳಿಸುವ ಷರತ್ತು, ಹೊಸ ಬಾಂಡ್ ಅಥವಾ ಹೆಚ್ಚಿಸಿದ ನೋಟಿಸ್ ಅವಧಿ ಪತ್ರದಲ್ಲಿ ಸೇರಿದೆಯೇ ಎಂಬುದನ್ನೂ ಗಮನಿಸಬೇಕು.

## ಭಾರತದಲ್ಲಿ ಕಾನೂನಿನ ನೆಲೆ

### ರಾಜೀನಾಮೆಯ ಹಿಂತೆಗೆತ

ಕೌಂಟರ್ ಆಫರ್ ಒಪ್ಪಿದವರು ಸಲ್ಲಿಸಿದ ರಾಜೀನಾಮೆಯನ್ನು ಹಿಂತೆಗೆದುಕೊಳ್ಳಬೇಕು. ಮುಂದಿನ ದಿನಾಂಕದಿಂದ ಜಾರಿಗೆ ಬರುವ ರಾಜೀನಾಮೆಯನ್ನು, ವಿರುದ್ಧವಾದ ನಿಯಮ ಇಲ್ಲದಿದ್ದರೆ, ಆ ದಿನಾಂಕಕ್ಕೆ ಮೊದಲು ಹಿಂತೆಗೆದುಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 1978ರ ಭಾರತ ಒಕ್ಕೂಟ ವಿರುದ್ಧ ಗೋಪಾಲಚಂದ್ರ ಮಿಶ್ರ ಪ್ರಕರಣದಲ್ಲಿ ಹೇಳಿತು. ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ 2005ರಲ್ಲಿ ಇದೇ ತತ್ತ್ವ ಮತ್ತೆ ಅನ್ವಯವಾಯಿತು. ಅವರ ರಾಜೀನಾಮೆ ಅಂಗೀಕಾರವಾಗಿದ್ದರೂ, ಸೇವೆಯಿಂದ ಬಿಡುಗಡೆಯಾಗುವ ಮೊದಲೇ ಅದನ್ನು ಹಿಂತೆಗೆದುಕೊಂಡಿದ್ದರಿಂದ ಹಿಂತೆಗೆತವು ಸಿಂಧುವೆಂದು ನ್ಯಾಯಾಲಯ ತೀರ್ಪಿತ್ತಿತು. ಇವೆರಡೂ ಖಾಸಗಿ ಸಂಸ್ಥೆಗಳ ಪ್ರಕರಣಗಳಲ್ಲ. ಖಾಸಗಿ ಸಂಸ್ಥೆಯಲ್ಲಿ ನೇಮಕಾತಿ ಪತ್ರದ ಷರತ್ತುಗಳು ಮುಖ್ಯವಾಗುವುದರಿಂದ, ಹಿಂತೆಗೆತಕ್ಕೆ ಸಂಸ್ಥೆಯ ಲಿಖಿತ ಸಮ್ಮತಿ ಪಡೆಯುವುದು ವಾಡಿಕೆ.

### ಒಪ್ಪಿದ ಹೊಸ ಕೆಲಸವನ್ನು ಬಿಡುವುದು

ಹೊಸ ಸಂಸ್ಥೆಯ ಆಫರ್ ಲೆಟರ್‌ಗೆ ಸಹಿ ಹಾಕಿ ನಂತರ ಹೋಗದಿರುವುದು ಒಪ್ಪಂದದ ಉಲ್ಲಂಘನೆ ಆಗಬಹುದು. ಆದರೂ ವ್ಯಕ್ತಿಯ ವೈಯಕ್ತಿಕ ಅರ್ಹತೆಯನ್ನು ಅವಲಂಬಿಸಿದ ಒಪ್ಪಂದಗಳನ್ನು ಹಾಗೆಯೇ ಜಾರಿಗೊಳಿಸುವಂತೆ ನ್ಯಾಯಾಲಯ ಆದೇಶಿಸದೆಂದು ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 14ನೇ ಕಲಮಿನಲ್ಲಿದೆ. ಆದ್ದರಿಂದ ಬಲವಂತವಾಗಿ ಕೆಲಸಕ್ಕೆ ಸೇರಿಸಲಾಗದು. ಪರಿಹಾರದ ಪ್ರಶ್ನೆ ಮಾತ್ರ ಉಳಿಯುತ್ತದೆ. ಮುಂಗಡವಾಗಿ ಪಡೆದ ಜಾಯ್ನಿಂಗ್ ಬೋನಸ್ ಇದ್ದರೆ ಅದನ್ನು ಮರಳಿಸಬೇಕಾಗುತ್ತದೆ.

### ಬಾಂಡ್ ಮತ್ತು ಸ್ಪರ್ಧಾ ನಿರ್ಬಂಧ

ವೃತ್ತಿ ಅಥವಾ ವ್ಯಾಪಾರವನ್ನು ನಿರ್ಬಂಧಿಸುವ ಒಪ್ಪಂದಗಳು ಅಸಿಂಧುವೆಂದು ಒಪ್ಪಂದ ಕಾಯ್ದೆಯ 27ನೇ ಕಲಮು ಹೇಳುತ್ತದೆ. ಹೀಗಾಗಿ ಕೆಲಸ ಬಿಟ್ಟ ನಂತರ ಪ್ರತಿಸ್ಪರ್ಧಿ ಸಂಸ್ಥೆಗೆ ಸೇರಬಾರದೆಂಬ ಷರತ್ತನ್ನು ಮುಂದಿಟ್ಟು ಉದ್ಯೋಗಿಯನ್ನು ತಡೆಯುವುದು ಕಷ್ಟ. ಸೇವೆಯಲ್ಲಿರುವಾಗಿನ ನಿರ್ಬಂಧ ಮತ್ತು ಕನಿಷ್ಠ ಸೇವಾವಧಿಯ ಬಾಂಡ್‌ಗಳ ವಿಷಯ ಬೇರೆ. ಮಂಗಳೂರಿನಲ್ಲಿ 1931ರಲ್ಲಿ ಸ್ಥಾಪನೆಗೊಂಡು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣ ಇದಕ್ಕೆ ನಿದರ್ಶನ. 3 ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಬಾಂಡ್‌ಗೆ ಒಪ್ಪಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆಯಿತ್ತು, ಆಕ್ಷೇಪಣೆಯೊಡನೆ ಹಣ ಕಟ್ಟಿದರು. ಕರ್ನಾಟಕ ಉಚ್ಚ ನ್ಯಾಯಾಲಯ ಅವರ ಪರ ತೀರ್ಪು ನೀಡಿತು. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ಇಂತಹ ಷರತ್ತು 27ನೇ ಕಲಮಿಗೆ ವಿರುದ್ಧವಲ್ಲವೆಂದು ಹೇಳಿತು.

### ಉಳಿದ ನಂತರದ ರಕ್ಷಣೆ

ಕೌಂಟರ್ ಆಫರ್ ಒಪ್ಪಿದ ಮಾತ್ರಕ್ಕೆ ಕೆಲಸಕ್ಕೆ ಹೆಚ್ಚಿನ ಭದ್ರತೆ ಬರುವುದಿಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಮಿನ ಪ್ರಕಾರ, ಅದರ ವ್ಯಾಪ್ತಿಗೆ ಬರುವ, 6 ತಿಂಗಳು ನಿರಂತರ ಸೇವೆ ಸಲ್ಲಿಸಿದ ಉದ್ಯೋಗಿಯನ್ನು ತೆಗೆದುಹಾಕಲು ಸಮಂಜಸ ಕಾರಣವೂ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನವೂ ಬೇಕು.

## ಸರ್ಕಾರಿ ಸೇವೆಯಲ್ಲಿ

ಸರ್ಕಾರಿ ನೌಕರರ ವೇತನವು ವೇತನ ಶ್ರೇಣಿಗೆ ಬದ್ಧವಾಗಿರುವುದರಿಂದ ಅಲ್ಲಿ ಕೌಂಟರ್ ಆಫರ್‌ಗೆ ಎಡೆಯಿಲ್ಲ. ಅದರ ಬದಲಿಗೆ ಲೀನ್ ಎಂಬ ವ್ಯವಸ್ಥೆಯಿದೆ. ಕಾಯಂ ನೌಕರರು ಇಲಾಖೆಯ ಅನುಮತಿಯೊಡನೆ ಬೇರೆ ಸರ್ಕಾರಿ ಹುದ್ದೆಗೆ ಹೋದಾಗ ನಿಗದಿತ ಕಾಲದವರೆಗೆ ಹಳೆಯ ಹುದ್ದೆಯ ಮೇಲಿನ ಹಕ್ಕು ಉಳಿದಿರುತ್ತದೆ. ಹೊಸ ಹುದ್ದೆ ಹೊಂದದಿದ್ದರೆ ಮರಳಬಹುದು. ಖಾಸಗಿ ಉದ್ಯೋಗಿಗೆ ಇಂಥ ಅವಕಾಶವಿಲ್ಲದಿರುವುದೇ ಕೌಂಟರ್ ಆಫರ್ ಕುರಿತ ತೀರ್ಮಾನಕ್ಕೆ ಅಷ್ಟು ಭಾರ ಬರಲು ಒಂದು ಕಾರಣ.

## ಟೀಕೆ ಮತ್ತು ಚರ್ಚೆ

ಕೌಂಟರ್ ಆಫರ್ ಒಪ್ಪಿದವರಲ್ಲಿ ಬಹುಪಾಲು ಜನ ಆರು ತಿಂಗಳು ಅಥವಾ ಒಂದು ವರ್ಷದೊಳಗೆ ಕೆಲಸ ಬಿಡುತ್ತಾರೆ ಎಂಬ ಮಾತು ನೇಮಕಾತಿ ವಲಯದಲ್ಲಿ ಬಹಳ ಪ್ರಚಲಿತ. ಶೇ. 80, ಶೇ. 90 ಎಂಬ ಅಂಕಿಗಳನ್ನು ಮೂಲ ಅಧ್ಯಯನದ ಉಲ್ಲೇಖವಿಲ್ಲದೆಯೇ ಹೇಳುವುದುಂಟು. ಅಭ್ಯರ್ಥಿಯು ಹೊಸ ಕೆಲಸಕ್ಕೆ ಸೇರಿದರೆ ಮಾತ್ರ ಏಜೆನ್ಸಿಗೆ ಶುಲ್ಕ ಸಿಗುವುದರಿಂದ, ಉಳಿಯಬೇಡಿ ಎಂಬ ಅದರ ಸಲಹೆಯಲ್ಲಿ ಸ್ವಂತ ಹಿತವೂ ಬೆರೆತಿರುತ್ತದೆ. ಉಳಿಯಿರಿ ಎನ್ನುವ ಮೇಲಧಿಕಾರಿಗೂ ತನ್ನ ತಂಡದ ಗಡುವು ಮುಖ್ಯವಾಗಿರುತ್ತದೆ. ಎರಡೂ ಕಡೆಯ ಸಲಹೆಗಳನ್ನು ಈ ಹಿನ್ನೆಲೆಯಲ್ಲಿಯೇ ತೂಗಬೇಕಾಗುತ್ತದೆ.

ಹೊರಡುವವರಿಗಷ್ಟೇ ಸಂಬಳ ಏರಿಸುವುದರಿಂದ, ಕೇಳದೆ ದುಡಿಯುವವರಿಗೆ ಅನ್ಯಾಯವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಕುಟುಂಬದ ಹೊಣೆಯಿಂದಾಗಿ ಊರು ಬದಲಿಸಲಾಗದವರು ಹೊರಗಿನ ಕರೆಯನ್ನು ಚೌಕಾಸಿಗೆ ಬಳಸಲಾರರು. ಮದುವೆ ಹಾಗೂ ಮಕ್ಕಳ ಪಾಲನೆಯ ಹೊಣೆ ಹೆಚ್ಚಾಗಿ ಹೊರುವ ಮಹಿಳೆಯರಿಗೆ ಈ ಪದ್ಧತಿಯಿಂದ ಹಿನ್ನಡೆಯಾಗಬಹುದೆಂಬ ವಾದವೂ ಇದೆ. ಒಬ್ಬರಿಗೆ ಕೊಟ್ಟ ಸುದ್ದಿ ಹರಡಿದರೆ ಉಳಿದವರೂ ಹೊರಗಿನ ಆಫರ್ ತರಲು ಹೊರಡುತ್ತಾರೆ ಎಂಬ ಕಾರಣದಿಂದ ಕೌಂಟರ್ ಆಫರ್ ಕೊಡುವುದೇ ಇಲ್ಲವೆಂಬ ನೀತಿಯನ್ನು ಇಟ್ಟುಕೊಂಡಿರುವ ಸಂಸ್ಥೆಗಳೂ ಇವೆ. ಇದಕ್ಕೆ ಪರ್ಯಾಯವಾಗಿ, ಮಾರುಕಟ್ಟೆಯ ದರಕ್ಕೆ ತಕ್ಕಂತೆ ಎಲ್ಲರ ವೇತನವನ್ನು ಕಾಲಕಾಲಕ್ಕೆ ಪರಿಷ್ಕರಿಸುವುದನ್ನೂ, ಕೆಲಸದಲ್ಲಿರುವಾಗಲೇ ಉದ್ಯೋಗಿಗಳ ಅಹವಾಲನ್ನು ಕೇಳುವ ಮಾತುಕತೆಗಳನ್ನೂ ಮಾನವ ಸಂಪನ್ಮೂಲ ತಜ್ಞರು ಸೂಚಿಸುತ್ತಾರೆ.

ಬೇರೆ ಕಡೆ ಸೇರುವ ಇಚ್ಛೆಯೇ ಇಲ್ಲದೆ, ಸಂಬಳ ಏರಿಸಿಕೊಳ್ಳಲೆಂದೇ ಆಫರ್ ಲೆಟರ್ ತರುವ ರೂಢಿಯೂ ಟೀಕೆಗೆ ಒಳಗಾಗಿದೆ. 90 ದಿನಗಳ ನೋಟಿಸ್ ಅವಧಿಯಿರುವ ಕಡೆ ಈ ಸಮಸ್ಯೆ ಹೆಚ್ಚು. ಆ ಮೂರು ತಿಂಗಳಲ್ಲಿ ಅಭ್ಯರ್ಥಿಯು ಇನ್ನೊಂದು ಆಫರ್ ಹುಡುಕಬಹುದು, ಹೊಸ ಸಂಸ್ಥೆಯು ತನ್ನ ಅಗತ್ಯ ಬದಲಾಯಿತೆಂದು ಆಫರ್ ಹಿಂತೆಗೆದುಕೊಳ್ಳಬಹುದು. ಎರಡೂ ಕಡೆ ಕೆಲಸವಿಲ್ಲದಂತಾಗುವ ಅಪಾಯವನ್ನು ಆಗ ಹೊರುವವರು ಉದ್ಯೋಗಿಯೇ.

## ಇವನ್ನೂ ನೋಡಿ

* ಭಾರತೀಯ ಒಪ್ಪಂದ ಕಾಯ್ದೆ, 1872
* ರಾಜೀನಾಮೆ
* ನೋಟಿಸ್ ಅವಧಿ
* ಗ್ರಾಚ್ಯುಟಿ
* ನೌಕರರ ಭವಿಷ್ಯ ನಿಧಿ ಸಂಘಟನೆ
* ಮಾನವ ಸಂಪನ್ಮೂಲ ನಿರ್ವಹಣೆ